ಕತೆ, ಕತ್ತೆ, ಕಾಗುಣಿತ

ಮೂರನೇ ತರಗತಿಯ ನೋಟ್‌ಬುಕ್ಕೊಂದು ನನ್ನ ಮುಂದಿದೆ. ಕಂದು ಕಾಗದದ ರಟ್ಟು, ಮೂಲೆಗಳೆಲ್ಲ ನಾಯಿ ಕಿವಿಯಂತೆ ಮಡಚಿಕೊಂಡಿವೆ. ‘ನಿನ್ನೆ ರಾತ್ರಿ’ ಎಂಬ ವಿಷಯದ ಮೇಲೆ ಹುಡುಗ ಮೂರು ಸಾಲು ಬರೆದಿದ್ದಾನೆ: “ಅಜ್ಜಿ ನನಗೆ ಕತ್ತೆ ಹೇಳಿದರು. ಕತ್ತೆಯಲ್ಲಿ ಒಂದು ಆವು ಇತು. ಆವಿಗೆ ವಿಷೇಶ ಶಕ್ತಿ ಇತು.” ಟೀಚರು ಏಳು ಕಡೆ ಕೆಂಪು ಸುತ್ತು ಹಾಕಿ, ಕೆಳಗೆ ‘ಕಾಗುಣಿತ ಗಮನಿಸು’ ಎಂದು ಷರಾ ಬರೆದಿದ್ದಾರೆ.

ಗಮನಿಸುವುದೇನೋ ಸರಿ, ಆದರೆ ಯಾವುದನ್ನು? ‘ಕತೆ’ಗೆ ಬೇಡದ ಒತ್ತು ಬಂದಿದೆ, ‘ಇತ್ತು’ವಿಗೆ ಬೇಕಾದ ಒತ್ತು ಕೈಕೊಟ್ಟಿದೆ. ‘ಹಾವು’ ಆವಾಗಿರುವುದು ಹುಡುಗನ ಮನೆಮಾತಿನ ಕಾಣಿಕೆ. ಅವನ ಅಪ್ಪ ಅಮ್ಮ ಹಾಗೇ ಅನ್ನುತ್ತಾರೆ. ‘ವಿಶೇಷ’ದಲ್ಲಿ ಶ ಮತ್ತು ಷ ಜಾಗ ಬದಲಿಸಿಕೊಂಡಿರುವುದಕ್ಕೆ ಕಿವಿಯನ್ನೂ ದೂರುವಂತಿಲ್ಲ, ಕೈಯನ್ನೂ ದೂರುವಂತಿಲ್ಲ. ಅವೆರಡನ್ನೂ ನಮ್ಮಲ್ಲಿ ಹೆಚ್ಚಿನವರು ಒಂದೇ ಥರ ಉಚ್ಚರಿಸುತ್ತೇವೆ. ಹೀಗೆ ಕೈ, ಕಿವಿ, ನೆನಪು ಮೂರರಿಂದಲೂ ಹುಟ್ಟಿದ ತಪ್ಪುಗಳು ಒಂದೇ ಕೆಂಪು ಸುತ್ತಿನೊಳಗೆ ಬಂದು ಕೂತಿವೆ. ಪ್ರಾಥಮಿಕ ಶಾಲೆಯಲ್ಲಿ ತಪ್ಪಿಲ್ಲದೆ ಬರೆಯುವುದನ್ನು ಹೇಗೆ ಕಲಿಸಬೇಕು ಎಂಬ ಬಹುಕಾಲದ ಜಗಳ ಬಗೆಹರಿಯದಿರುವುದಕ್ಕೆ ಈ ಕಲಸುಮೇಲೋಗರವೂ ಒಂದು ಕಾರಣ ಎಂದು ನನಗೆ ಅನ್ನಿಸುತ್ತದೆ. ಪ್ರತಿಯೊಂದು ಪಂಥವೂ ಒಂದು ಬಗೆಯ ತಪ್ಪನ್ನು ಕಣ್ಣಮುಂದೆ ಇಟ್ಟುಕೊಂಡು ಎಲ್ಲ ತಪ್ಪಿಗೂ ಮದ್ದು ಬರೆಯುತ್ತದೆ.

ಮರಳಿನಿಂದ ಅಚ್ಚಿನ ಮೊಳೆಗೆ

‘ಕಾಗುಣಿತ’ ಎಂಬ ಪದವೇ ಎರಡು ಕೆಲಸ ಮಾಡುತ್ತದೆ. ಕ ಕಾ ಕಿ ಕೀ ಎಂದು ಸಾಗುವ ಕೋಷ್ಟಕಕ್ಕೂ ಅದೇ ಹೆಸರು, ಇಂಗ್ಲಿಷಿನವರು ಸ್ಪೆಲಿಂಗ್ ಅನ್ನುವುದಕ್ಕೂ ಅದೇ ಹೆಸರು. ಮೊದಲನೆಯದು ಬಂದರೆ ಎರಡನೆಯದು ತಾನಾಗಿ ಬರುತ್ತದೆ ಎಂಬ ನಂಬಿಕೆ ಪದದಲ್ಲೇ ಅಡಗಿದೆ.

ಹಳೆಯ ಹಳ್ಳಿಶಾಲೆಗಳಾದ ಕೂಲಿ ಮಠಗಳ ಕಾಲದ ನಂಬಿಕೆಯೂ ಅದೇ. ಅಲ್ಲಿನ ಮೇಷ್ಟ್ರಾದ ಐಗಳು ಮರಳಿನ ಮೇಲೆ ಮಗುವಿನ ಬೆರಳು ಹಿಡಿದು ತಿದ್ದಿಸುತ್ತಿದ್ದರು. ಬಾಯಲ್ಲಿ ಅಕ್ಷರ, ಬೆರಳಲ್ಲಿ ಅದರ ಆಕಾರ, ತಪ್ಪಿದರೆ ಬೆನ್ನ ಮೇಲೆ ಬೆತ್ತ, ಇಲ್ಲವೇ ಹಗ್ಗಕ್ಕೆ ನೇತುಹಾಕುವ ಕೋದಂಡ. ಮಗ್ಗಿಯನ್ನೂ ಗುಣಿತವನ್ನೂ ಒಂದೇ ರಾಗದಲ್ಲಿ ಒಪ್ಪಿಸುತ್ತಿದ್ದರು. ಆಗ ಬರೆಯಬೇಕಾದ್ದೂ ಕಡಿಮೆಯೇ. ಲೆಕ್ಕ, ಪತ್ರ, ಕೈಬರಹದ ಕಡತ ಇಷ್ಟೇ. ಒಂದೇ ಪದವನ್ನು ಇಬ್ಬರು ಶಾನುಭೋಗರು ಎರಡು ರೀತಿ ಬರೆದರೂ ಲೋಕ ಮುಳುಗುತ್ತಿರಲಿಲ್ಲ.

ಹಾಗೆಂದು ಸರಿಬರಹದ ಚಿಂತೆ ಹೊಸದೇನಲ್ಲ. 13ನೇ ಶತಮಾನದ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ೞಕಾರವಿರುವ ಪದಗಳನ್ನು ಪಟ್ಟಿಮಾಡಿ ಕೊಡುತ್ತಾನೆ. ಉಚ್ಚಾರದಲ್ಲಿ ಆ ಅಕ್ಷರ ಆಗಲೇ ಮಸುಕಾಗುತ್ತಿತ್ತು. ಕಿವಿಗೆ ಕೇಳದ್ದನ್ನು ನೆನಪಿನಿಂದ ಉಳಿಸಬೇಕಾದಾಗ ಪಟ್ಟಿ ಬೇಕಾಗುತ್ತದೆ. ಇವತ್ತು ಮೇಷ್ಟ್ರುಗಳು ಮಹಾಪ್ರಾಣದ ಪದಗಳ ಪಟ್ಟಿಯನ್ನು ಗೋಡೆಗೆ ಅಂಟಿಸುವುದೂ ಅದೇ ಕಾರಣಕ್ಕೆ. ಕೇಶಿರಾಜನ ಪಟ್ಟಿ ೞವನ್ನು ಉಳಿಸಲಿಲ್ಲ. ಅದೂ ಹೋಯಿತು, ಱವೂ ಹೋಯಿತು. ಕನ್ನಡವೇನೂ ಬಡವಾಗಲಿಲ್ಲ ಎಂದು ಒಂದು ಪಕ್ಷ ಹೇಳುತ್ತದೆ. ಹಳಗನ್ನಡ ಓದಲಾಗದೆ ಬಡವಾದವರು ನಾವೇ ಎಂದು ಇನ್ನೊಂದು.

ತಪ್ಪು ಎಂಬುದು ನಿಜಕ್ಕೂ ತಪ್ಪಾದದ್ದು ಅಚ್ಚು ಬಂದ ಮೇಲೆ. 1843ರಲ್ಲಿ ಮೊಗ್ಲಿಂಗ್ ‘ಮಂಗಳೂರ ಸಮಾಚಾರ’ ಪತ್ರಿಕೆ ಹೊರಡಿಸಿದರು. 1894ರಲ್ಲಿ ಕಿಟೆಲ್ ನಿಘಂಟು ಬಂತು. ಮರಾಠಿಯ ನೆರಳಿನಲ್ಲಿದ್ದ ಮುಂಬಯಿ ಕರ್ನಾಟಕದಲ್ಲಿ ಡೆಪ್ಯುಟಿ ಚನ್ನಬಸಪ್ಪನವರಂಥವರು 19ನೇ ಶತಮಾನದ ಉತ್ತರಾರ್ಧದಲ್ಲಿ ಕನ್ನಡ ಶಾಲೆಗಳನ್ನು ಕಟ್ಟಿದರು. ಪಠ್ಯಪುಸ್ತಕ, ಇನ್‌ಸ್ಪೆಕ್ಟರು, ಪರೀಕ್ಷೆ ಮೂರೂ ಸೇರಿದಾಗ ಒಂದು ಪದಕ್ಕೆ ಒಂದೇ ರೂಪ ಎಂಬ ಕಟ್ಟಳೆ ಬಿತ್ತು.

ಕೋಷ್ಟಕದವರು

ಮೊದಲ ಪಂಥ ಇವತ್ತಿಗೂ ಬಲವಾಗಿದೆ. ಅ ಆ ಇ ಈ ಇಂದ ಳವರೆಗೆ 49 ಅಕ್ಷರ ಕ್ರಮವಾಗಿ ಬರಲಿ, ಆಮೇಲೆ ಗುಣಿತ, ಆಮೇಲೆ ಒತ್ತಕ್ಷರ, ಕೊನೆಗೆ ಪದ ಮತ್ತು ವಾಕ್ಯ. ‘ಕಕ್ಕೆ ತಲಕಟ್ಟು ಕೊಟ್ಟರೆ ಕ, ಇಳಿ ಕೊಟ್ಟರೆ ಕಾ, ಗುಡಿಸು ಕೊಟ್ಟರೆ ಕಿ, ಕೊಂಬು ಕೊಟ್ಟರೆ ಕು’ ಎಂದು ರಾಗ ಎಳೆಯುವುದನ್ನು ಕೇಳಿದವರಿಗೆ ಅದರ ಶಕ್ತಿ ಗೊತ್ತು. ಇಂಗ್ಲಿಷ್ ಅಕ್ಷರಗಳ ಹೆಸರಿಗೂ ಅವುಗಳ ಸದ್ದಿಗೂ ಎಷ್ಟೋ ಸಲ ಸಂಬಂಧವಿರುವುದಿಲ್ಲ. ನಮ್ಮಲ್ಲಿ ಅಕ್ಷರದ ಹೆಸರೇ ಅದರ ಸದ್ದು, ಚಿಹ್ನೆಯ ಹೆಸರೇ ಅದರ ಚಿತ್ರ. ಗುಡಿಸು ಸುತ್ತಿಕೊಂಡೇ ಇರುತ್ತದೆ, ಕೊಂಬು ಕೊಂಬಿನಂತೆಯೇ ಇರುತ್ತದೆ. ವರ್ಣಮಾಲೆಯ ಕ್ರಮವೂ ಸುಮ್ಮನೆ ಬಂದದ್ದಲ್ಲ. ಗಂಟಲಿನಿಂದ ಹೊರಟು ತುಟಿಯವರೆಗೆ ಬರುವ ಆ ಸಾಲುಗಳಲ್ಲಿ ಒಂದು ಧ್ವನಿಶಾಸ್ತ್ರವೇ ಇದೆ.

ಈ ಪಂಥಕ್ಕೆ ಚೆನ್ನಾಗಿ ಅರ್ಥವಾಗಿರುವುದು ಕೈಯ ಕಷ್ಟ. 34 ವ್ಯಂಜನಕ್ಕೆ 15 ರೂಪದಂತೆ 510 ಆಕಾರ, ಒತ್ತುಗಳ ಲೆಕ್ಕ ಬೇರೆ. ಇವುಗಳಲ್ಲಿ ತಂಟೆಕೋರರೂ ಇದ್ದಾರೆ. ಕಕಾರಕ್ಕೆ ಕೊಂಬು ಪಕ್ಕದಲ್ಲಿ ಬಂದರೆ ಪ, ವಗಳಿಗೆ ಕೆಳಗಿಳಿಯುತ್ತದೆ. ವಕಾರದ ಪಕ್ಕದಲ್ಲೇ ಕೊಂಬು ಹಚ್ಚಿದರೆ ಅದು ಮ ಆಗಿ ಕೂರುತ್ತದಲ್ಲ! ತ, ನ, ಮ, ಯ, ರ, ಲಗಳ ಒತ್ತು ಮೂಲ ಅಕ್ಷರದ ಗುರುತನ್ನೇ ಉಳಿಸಿಕೊಂಡಿಲ್ಲ. ಅರ್ಕಾವತ್ತು ಇನ್ನೂ ವಿಚಿತ್ರ. ‘ಸೂರ್ಯ’ದಲ್ಲಿ ರಕಾರ ಬಾಯಿಗೆ ಮೊದಲು ಬರುತ್ತದೆ, ಕಾಗದದ ಮೇಲೆ ಯಕಾರದ ಆಚೆಗೆ ನಿಲ್ಲುತ್ತದೆ. ಇಂಥವನ್ನು ಮಗು ತಾನೇ ಕಂಡುಕೊಳ್ಳಲಿ ಎಂದು ಬಿಡುವುದು ಔದಾರ್ಯವಲ್ಲ, ತಾತ್ಸಾರ. ತೋರಿಸಿ, ತಿದ್ದಿಸಿ, ಮತ್ತೆ ಬರೆಸಲೇಬೇಕು.

ಬೆಂಗಳೂರಿನ ಸಂಶೋಧಕಿ ಸೊನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನ ಈ ಮಾತಿಗೆ ಒಂದು ರೀತಿಯ ಸಾಕ್ಷಿ. ಕನ್ನಡ ಮಕ್ಕಳಿಗೆ ಅಕ್ಷರಜ್ಞಾನ ಒಂದೆರಡು ವರ್ಷದಲ್ಲಿ ಮುಗಿಯುವ ಪಾಠವಲ್ಲ, ಅದು ನಾಲ್ಕನೇ ತರಗತಿಯವರೆಗೂ ಬೆಳೆಯುತ್ತಿರುತ್ತದೆ ಎಂದು ಅವರು ತೋರಿಸಿದರು. ಪದವನ್ನು ಅಕ್ಷರಗಳಾಗಿ ಒಡೆಯುವುದು ಮಕ್ಕಳಿಗೆ ಬೇಗ ಬರುತ್ತದೆ. ಅಕ್ಷರದೊಳಗಿನ ವ್ಯಂಜನವನ್ನೂ ಸ್ವರವನ್ನೂ ಬೇರೆಬೇರೆಯಾಗಿ ಕೇಳಿಸಿಕೊಳ್ಳುವುದು ನಿಧಾನಕ್ಕೆ ಬರುತ್ತದೆ. ಒತ್ತಕ್ಷರ ಎಡವಿಸುವುದು ಅಲ್ಲೇ.

ಕೋಷ್ಟಕದವರ ಸೋಲು ಬೇರೆ ಕಡೆ ಇದೆ. ರಾಗದಲ್ಲಿ ಗುಣಿತ ಒಪ್ಪಿಸುವ ಮಗುವಿಗೆ ನಡುವಿನಿಂದ ‘ಗೊ’ ಎಲ್ಲಿ ಎಂದು ಕೇಳಿ ನೋಡಿ. ಗ ಗಾ ಗಿ ಗೀ ಎಂದು ಮೊದಲಿನಿಂದ ಹತ್ತಿಕೊಂಡು ಬರುತ್ತದೆ. ಕ್ರಮ ಬಂದಿದೆ, ಅಕ್ಷರ ಬಂದಿಲ್ಲ. ಇನ್ನು ಙ, ಞಗಳಿಗೆ ಮಗುವಿನ ಲೋಕದಲ್ಲಿ ಒಂದು ಪದವೂ ಇಲ್ಲ. ಢಕಾರಕ್ಕೆ ಚಿತ್ರ ಹುಡುಕಿ ಸೋತ ಕೆಲವು ಚಾರ್ಟಿನವರು ‘ಢಮರುಗ’ ಎಂದು ಅಚ್ಚು ಹಾಕಿಬಿಡುತ್ತಾರೆ. ಶಿವನ ಕೈಯಲ್ಲಿರುವುದು ಡಮರು. ಕಾಗುಣಿತ ಕಲಿಸುವ ಚಾರ್ಟಿನಲ್ಲೇ ಕಾಗುಣಿತ ತಪ್ಪು!

ರಗಸದಅ

ಕೋಷ್ಟಕದವರ ಈ ಸೋಲಿಗೆ ಎರಡನೆಯ ಪಂಥ ಕೊಟ್ಟ ಉತ್ತರ ‘ರ ಗ ಸ ದ ಅ’. ಬರೆಯಲು ಸುಲಭವಾದ, ಒಂದರಿಂದೊಂದಕ್ಕೆ ಹೊರಳಿಕೊಳ್ಳುವ, ಪದ ಕಟ್ಟಲು ಒದಗುವ ಐದು ಅಕ್ಷರ ಮೊದಲು. ಅಷ್ಟರಲ್ಲೇ ಅರಸ, ಅಗಸ, ಸರ, ದಸರ ಬಂದುಬಿಡುತ್ತವೆ. ಮುಂದೆ ‘ಜ ವ ಮ ಬ ನ’. ವರ್ಣಮಾಲೆಯ ಗುಡಿಗೆ ಹಿಂಬಾಗಿಲಿನಿಂದ ಕರೆದೊಯ್ಯುವ ಉಪಾಯ ಇದು. ಮಹಾಪ್ರಾಣಗಳು ಕೊನೆಗೆ ಬರುತ್ತವೆ.

ಈ ಕ್ರಮಕ್ಕೆ ದೊಡ್ಡ ವೇದಿಕೆ ಸಿಕ್ಕಿದ್ದು ನಲಿ-ಕಲಿಯಿಂದ. ಆಂಧ್ರದ ರಿಷಿ ವ್ಯಾಲಿಯ ಪ್ರಯೋಗದಿಂದ ಸ್ಫೂರ್ತಿ ಪಡೆದು, ಯುನಿಸೆಫ್ ನೆರವಿನಲ್ಲಿ 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ಈ ಪದ್ಧತಿ 2009-10ರಲ್ಲಿ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಹಬ್ಬಿತು. ಒಂದರಿಂದ ಮೂರನೇ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ಗುಂಪು ಗುಂಪಾಗಿ ಕೂತು, ಗೋಡೆಯ ಮೇಲಿನ ಕಲಿಕಾ ಏಣಿ ನೋಡಿ, ತಮ್ಮ ಕಾರ್ಡು ತಾವೇ ತೆಗೆದುಕೊಂಡು ಮುಂದೆ ಹೋಗುತ್ತಾರೆ. ಪದದೊಳಗೆ ಅಕ್ಷರ ಸಿಗುವುದರಿಂದ ‘ಗೊ ಎಲ್ಲಿ’ ಎಂಬ ಪ್ರಶ್ನೆಗೆ ಇಲ್ಲಿನ ಮಗು ತಡಬಡಾಯಿಸುವುದು ಕಡಿಮೆ.

ಆದರೆ ಸರಳದಿಂದ ಕಠಿಣಕ್ಕೆ ಎಂಬ ಸೂತ್ರಕ್ಕೆ ಕನ್ನಡ ಒಂದು ಚೇಷ್ಟೆ ಮಾಡಿದೆ. ಮಗುವಿನ ಮೊದಲ ಪದಗಳನ್ನು ನೆನೆಯಿರಿ: ಅಮ್ಮ, ಅಪ್ಪ, ಅಕ್ಕ, ಅಣ್ಣ, ತಮ್ಮ, ಅಜ್ಜಿ, ಅತ್ತೆ, ಚಿಕ್ಕಪ್ಪ, ದೊಡ್ಡಮ್ಮ. ಇಡೀ ವಂಶಾವಳಿಯೇ ಒತ್ತಕ್ಷರ. ತಂಗಿ, ಮಾವ, ತಾತ ಇಂಥ ನಾಲ್ಕು ಜನ ಮಾತ್ರ ಒತ್ತಿಲ್ಲದೆ ಬಾಳುತ್ತಿದ್ದಾರೆ. ಒತ್ತಕ್ಷರದ ಪಾಠ ಬರುವುದು ಎಲ್ಲಕ್ಕಿಂತ ಕೊನೆಗೆ. ಅಲ್ಲಿಯವರೆಗೆ ಮಗು ಅಗಸನನ್ನೂ ಅರಸನನ್ನೂ ಬರೆಯುತ್ತದೆ, ಅಮ್ಮನನ್ನು ಬರೆಯುವ ಹಾಗಿಲ್ಲ. ಬರೆದರೆ ‘ಅಮ’ ಆಗುತ್ತದೆ. ನಮ್ಮ ಹುಡುಗನ ‘ಇತು’ ಇಲ್ಲಿಂದಲೇ ಬಂದದ್ದಿರಬಹುದು. ತಡವಾಗಿ ಒತ್ತು ಕಲಿತ ಹುಮ್ಮಸ್ಸಿನಲ್ಲಿ ಕತೆಯೂ ಕತ್ತೆಯಾಗಿರಬಹುದು.

ಮೊದಲು ಬರೆಯಲಿ, ಆಮೇಲೆ ತಿದ್ದೋಣ

ಮೂರನೆಯ ಪಂಥದವರಿಗೆ ಆ ನೋಟ್‌ಬುಕ್ಕಿನಲ್ಲಿ ಕಾಣುವುದು ಅಜ್ಜಿ ಮತ್ತು ಹಾವು. ಮಗು ತನ್ನದೇ ಒಂದು ಸಂಗತಿ ಹೇಳಿದೆ, ಅದಕ್ಕೆ ಸಿಕ್ಕ ಉತ್ತರ ಏಳು ಕೆಂಪು ಸುತ್ತು. ಮುಂದಿನ ಸಲ ಅದು ಹಾವಿನ ಗೊಡವೆಗೇ ಹೋಗದೆ ‘ಇದು ಮನೆ. ಮನೆ ದೊಡ್ಡದು’ ಎಂದು ಬರೆದು ಪಾರಾಗುತ್ತದೆ. ಶಿಕ್ಷಣತಜ್ಞ ಕೃಷ್ಣಕುಮಾರ್ 1986ರಲ್ಲಿ ಬರೆದ ‘ಮಗುವಿನ ಭಾಷೆ ಮತ್ತು ಶಿಕ್ಷಕ’ ಎಂಬ ಅರ್ಥದ ಹೆಸರಿನ ಇಂಗ್ಲಿಷ್ ಪುಸ್ತಕ ನಮ್ಮ ದೇಶದಲ್ಲಿ ಈ ದೃಷ್ಟಿಗೆ ದನಿ ಕೊಟ್ಟಿತು. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟಿನಲ್ಲೂ ಅದೇ ಗಾಳಿ ಬೀಸಿದೆ.

ಅಮೆರಿಕದಲ್ಲಿ ಚಾರ್ಲ್ಸ್ ರೀಡ್ 1971ರಲ್ಲೇ ಒಂದು ಸ್ವಾರಸ್ಯ ತೋರಿಸಿದ್ದರು. ಶಾಲೆಗೆ ಹೋಗುವ ಮೊದಲೇ ಬರೆಯತೊಡಗಿದ ಮಕ್ಕಳು ‘ಟ್ರಕ್’ ಎಂಬುದನ್ನು ‘ಚ್ರಕ್’ ಎಂಬಂತೆ ಬರೆಯುತ್ತಿದ್ದರು. ಇಂಗ್ಲಿಷ್ ಮಾತಿನಲ್ಲಿ ಆ ಟಕಾರ ನಿಜಕ್ಕೂ ಚಕಾರದ ಹತ್ತಿರ ಹೋಗುತ್ತದೆ. ದೊಡ್ಡವರ ಕಿವಿಗೆ ಅಭ್ಯಾಸಬಲದಿಂದ ಕೇಳಿಸದ್ದು ಮಕ್ಕಳಿಗೆ ಕೇಳಿಸಿತ್ತು. ತಪ್ಪಿನ ಹಿಂದೆ ಒಂದು ತರ್ಕ ಇರುತ್ತದೆ ಎಂಬ ಈ ಅರಿವು ದೊಡ್ಡದು.

ಅಲ್ಲಿ ಈ ವಾದ ಅತಿಗೆ ಹೋಗಿ, ಸದ್ದು-ಅಕ್ಷರದ ನಂಟನ್ನು ನೇರವಾಗಿ ಕಲಿಸುವುದೇ ಬೇಡ ಎನ್ನುವವರೆಗೂ ಬೆಳೆದು, ಮತ್ತೆ ತಿರುಗಿಬಿದ್ದದ್ದು ಬೇರೆಯದೇ ಪುರಾಣ. 1955ರ ರುಡಾಲ್ಫ್ ಫ್ಲೆಶ್ ಪುಸ್ತಕದಿಂದ 2000ದ ರಾಷ್ಟ್ರೀಯ ಓದು ಸಮಿತಿಯ ವರದಿಯವರೆಗೆ ನಡೆದ ಆ ಕಾಳಗವನ್ನು ನಮ್ಮ ತರಬೇತಿ ಶಿಬಿರಗಳಲ್ಲಿ ಹಾಗೇ ತಂದು ಬಡಿಸುವವರಿದ್ದಾರೆ. ಅದು ಇಂಗ್ಲಿಷಿನ ಹೊಟ್ಟೆನೋವು. ಅವರ ಕಷಾಯ ನಮಗೆ ಎಷ್ಟು ಹಿಡಿಸೀತು ಎಂದು ಮೊದಲು ಕೇಳಿಕೊಳ್ಳುವುದು ಒಳ್ಳೆಯದು.

‘ನುಡಿದಂತೆ ಬರೆ’ ಎಂಬ ಅರ್ಧಸತ್ಯ

ಕನ್ನಡವನ್ನು ಮಾತಾಡಿದ ಹಾಗೆ ಬರೆಯುತ್ತೇವೆ, ಬರೆದ ಹಾಗೆ ಓದುತ್ತೇವೆ ಎಂದು ಹೆಮ್ಮೆಪಡುವುದು ವಾಡಿಕೆ. ಎರಡನೆಯದು ಹೆಚ್ಚುಕಡಿಮೆ ನಿಜ. ಮೊದಲನೆಯದನ್ನು ನಂಬಿದ ಮಗುವಿನ ಗತಿ ಏನಾಗುತ್ತದೆ ನೋಡಿ. ಮೈಸೂರು ಕಡೆಯ ಮಗು ‘ಮಾಡ್ತೀನಿ’ ಅನ್ನುತ್ತದೆ, ಬರೆಯಬೇಕಾದ್ದು ‘ಮಾಡುತ್ತೇನೆ’. ಧಾರವಾಡದ ಮಗು ‘ಬ್ಯಾಡ’ ಅನ್ನುತ್ತದೆ, ಬರೆಯಬೇಕಾದ್ದು ‘ಬೇಡ’. ‘ಹೆಂಗೆ’, ‘ಹ್ಯಾಂಗ’ ಎರಡೂ ಕಾಗದಕ್ಕೆ ಬರುವಾಗ ‘ಹೇಗೆ’ ಆಗಬೇಕು. ಹಳೆ ಮೈಸೂರಿನ ಹಲವು ಮನೆಗಳಲ್ಲಿ ಹಾಲು ಆಲಾಗುತ್ತದೆ, ಹಬ್ಬ ಅಬ್ಬವಾಗುತ್ತದೆ. ‘ಹ ಹೇಳು’ ಎಂದು ಗದರಿಸಿಕೊಂಡ ಮಗು ಮುಂದೆ ‘ಹಧಿಕಾರಿ’ ಎಂದು ಬರೆದು ಇನ್ನೊಮ್ಮೆ ಬೈಸಿಕೊಳ್ಳುತ್ತದೆ. ಮನೆಯಲ್ಲಿ ತುಳು, ಕೊಂಕಣಿ, ಕೊಡವ, ಉರ್ದು, ಲಂಬಾಣಿ ಆಡುವ ಮಕ್ಕಳಿಗಂತೂ ಈ ಬರಹದ ಕನ್ನಡ ಹೊಸ ಭಾಷೆಯೇ. ಕೇರಳದೊಳಗಿರುವ ಕಾಸರಗೋಡಿನ ಕನ್ನಡ ಶಾಲೆಯ ಮಗು ಮಲಯಾಳದ ಲಿಪಿಯನ್ನೂ ಜೊತೆಗೇ ಹೊರುತ್ತದೆ.

ನನ್ನ ಹಳೆಯ ಗಾಯವೊಂದು ಇಲ್ಲಿ ನೆನಪಾಗುತ್ತದೆ. ನಾಲ್ಕನೇ ತರಗತಿಯಲ್ಲಿ ‘ವಿಧ್ಯಾರ್ಥಿ’ ಎಂದು ಬರೆದದ್ದಕ್ಕೆ ನೂರು ಸಲ ಬರೆದು ತರಲು ಹೇಳಿದ್ದರು. ನಾನು ಎಲ್ಲ ಹುಡುಗರೂ ಮಾಡುವುದನ್ನೇ ಮಾಡಿದೆ. ಮೊದಲು ಹಾಳೆಯ ಉದ್ದಕ್ಕೂ ವಿ ವಿ ವಿ ಎಂದು ಕಂಬ ಇಳಿಸಿದೆ, ಆಮೇಲೆ ದ್ಯಾಗಳ ಕಂಬ, ಕೊನೆಗೆ ರ್ಥಿಗಳ ಕಂಬ. ನೂರು ವಿದ್ಯಾರ್ಥಿಗಳನ್ನು ಕಟ್ಟಿದೆ, ಒಬ್ಬ ವಿದ್ಯಾರ್ಥಿಯನ್ನೂ ಬರೆಯಲಿಲ್ಲ. ಮುಂದಿನ ವಾರದ ಉಕ್ತಲೇಖನದಲ್ಲಿ ಆ ಮಹಾಪ್ರಾಣ ಮರಳಿ ಬಂದಿತ್ತು.

ಮಹಾಪ್ರಾಣ ಮಕ್ಕಳ ಪ್ರಾಣ ತೆಗೆಯುವುದು ಯಾಕೆಂದರೆ, ನಮ್ಮ ದಿನಬಳಕೆಯ ಮಾತಿನಲ್ಲಿ ಅದು ಬಹುಪಾಲು ಇಲ್ಲ. ಉಕ್ತಲೇಖನ ಹೇಳುವ ಮೇಷ್ಟ್ರು ‘ಭಾ...ಷೆ’ ಎಂದು ಎದೆ ಒತ್ತಿ ಹೇಳಿದರಷ್ಟೇ ಸುಳಿವು. ಸುಳಿವು ಸಿಗದ ಕಡೆ ಮಗು ಶಾಸ್ತ್ರ ಕೇಳುತ್ತದೆ, ಮರ್ಯಾದಸ್ಥವಾಗಿ ಕಾಣುವ ಪದಕ್ಕೆಲ್ಲ ಹೊಟ್ಟೆ ಸೀಳುತ್ತದೆ. ಪ್ರಭಂಧ, ಅಧ್ಬುತ, ಉಧ್ಘಾಟನೆ ಹುಟ್ಟುವುದು ಹೀಗೆ. ದೊಡ್ಡವರೂ ಕಡಿಮೆಯಿಲ್ಲ. ‘ಪ್ರಶಸ್ತಿ ಪ್ರಧಾನ ಸಮಾರಂಭ’ ಎಂಬ ಬ್ಯಾನರು ಇಲ್ಲದ ಊರು ಯಾವುದು?

ಇಲ್ಲಿಂದ ನಾಲ್ಕನೆಯ ಪಂಥ ಹೊರಡುತ್ತದೆ. ಕಲಿಸುವ ವಿಧಾನವನ್ನಲ್ಲ, ಬರಹವನ್ನೇ ಬದಲಿಸಿ ಎನ್ನುವವರು ಇವರು. ಭಾಷಾವಿಜ್ಞಾನಿ ಡಿ.ಎನ್. ಶಂಕರ ಬಟ್ ‘ಕನ್ನಡ ಬರಹವನ್ನು ಸರಿಪಡಿಸೋಣ’ ಮುಂತಾದ ಪುಸ್ತಕಗಳಲ್ಲಿ ಈ ವಾದವನ್ನು ಕಟ್ಟಿದರು. ಮಹಾಪ್ರಾಣ, ಋ, ಷ, ವಿಸರ್ಗಗಳನ್ನು ಕೈಬಿಡಿ, ಐ ಔಗಳ ಬದಲು ಅಯ್ ಅವ್ ಬರೆಯಿರಿ, ಸಂಸ್ಕೃತ ಬಲ್ಲ ಕೆಲವರಿಗಾಗಿ ಎಲ್ಲ ಕನ್ನಡಿಗರ ಮಕ್ಕಳೂ ಯಾಕೆ ಹೊರೆ ಹೊರಬೇಕು ಎಂಬುದು ಅವರ ಪ್ರಶ್ನೆ. ತಮ್ಮ ಹೆಸರಿನ ಮಹಾಪ್ರಾಣವನ್ನೂ ಅವರು ಬಿಟ್ಟಿದ್ದಾರೆ. ಪಕ್ಕದ ತಮಿಳು ಮಹಾಪ್ರಾಣದ ಅಕ್ಷರಗಳಿಲ್ಲದೆ 18 ವ್ಯಂಜನಗಳಲ್ಲೇ ಬಾಳಿದೆ. 1971ರಲ್ಲಿ ಕೇರಳ ಸರ್ಕಾರ ಮಲಯಾಳದ ಲಿಪಿಯನ್ನೇ ಸರಳಗೊಳಿಸಿತು. ಹಾಗಾಗಿ ಇದು ಹುಚ್ಚು ಮಾತೇನಲ್ಲ.

ಎದುರು ಮಾತೂ ಗಟ್ಟಿಯಾಗಿದೆ. ದನ ಮತ್ತು ಧನ, ಪ್ರದಾನ ಮತ್ತು ಪ್ರಧಾನ ಒಂದಾದರೆ ಓದುವವರಿಗೆ ತೊಡಕು. ಅಚ್ಚಾಗಿರುವ ಅಷ್ಟೂ ಪುಸ್ತಕ ಮುಂದಿನ ತಲೆಮಾರಿಗೆ ಪರಕೀಯವಾಗುತ್ತವೆ. ಎಲ್ಲಕ್ಕಿಂತ ಹೆಚ್ಚಾಗಿ, ಶಾಲೆಯಲ್ಲಿ ಹೊಸ ಬರಹ ಕಲಿತ ಬಡವರ ಮಗು ಹಳೆಯ ಬರಹದ ಲೋಕದಲ್ಲಿ ಕೆಲಸ ಕೇಳಬೇಕಾಗುತ್ತದೆ. ನನಗೆ ಬಟ್ಟರ ರೋಗನಿರ್ಣಯ ಒಪ್ಪಿಗೆ, ಶಸ್ತ್ರಚಿಕಿತ್ಸೆಗೆ ಧೈರ್ಯ ಸಾಲದು.

ಪದದ ಒಳಗಂಟು

ಐದನೆಯವರದು ಪಂಥ ಅನ್ನುವಷ್ಟು ದೊಡ್ಡ ಗುಂಪಲ್ಲ. ಒಳ್ಳೆಯ ಮೇಷ್ಟ್ರುಗಳು ಹೆಸರಿಡದೆ ಮಾಡಿಕೊಂಡು ಬಂದ ಕೆಲಸ ಅದು. ಪದ ಹೇಗೆ ಕಟ್ಟಿಕೊಂಡಿದೆ ಎಂದು ಬಿಚ್ಚಿ ತೋರಿಸುವುದು. ವಿದ್ಯೆ ಬಲ್ಲ ಮಗುವಿಗೆ ‘ವಿದ್ಯೆಯನ್ನು ಅರ್ಥಿಸುವವನು ವಿದ್ಯಾರ್ಥಿ’ ಎಂದು ಒಮ್ಮೆ ಹೇಳಿದ್ದರೆ ನನ್ನ ನೂರು ಕಂಬಗಳು ಉಳಿಯುತ್ತಿದ್ದವು. ಆದಿಶೇಷನ ಶೇಷ ಗೊತ್ತಿದ್ದರೆ ವಿಶೇಷ ಕೈತಪ್ಪುವುದಿಲ್ಲ.

ಸಂಸ್ಕೃತ ಪದಗಳಿಗಿಂತ ಈ ಉಪಾಯ ಹೆಚ್ಚು ಫಲ ಕೊಡುವುದು ಅಚ್ಚಗನ್ನಡದಲ್ಲಿ. ಮಕ್ಕಳು ಒತ್ತು ಬಿಡುವ ಜಾಗಗಳನ್ನು ಎಣಿಸುತ್ತ ಹೋದರೆ ಕೆಲವೇ ತುಣುಕುಗಳು ಮತ್ತೆ ಮತ್ತೆ ಸಿಗುತ್ತವೆ: ‘ಅಲ್ಲಿ’, ‘ಅನ್ನು’, ‘ಉತ್ತ’, ‘ಇಲ್ಲ’, ‘ಇತ್ತು’. ಬರುತ್ತಾನೆ, ಹೋಗುತ್ತಾಳೆ, ತಿನ್ನುತ್ತದೆ ಎಲ್ಲದರಲ್ಲೂ ಅದೇ ‘ಉತ್ತ’. ಅದೊಂದನ್ನು ಕೈಗೆ ಕೂರಿಸಿದರೆ ಸಾವಿರ ಕ್ರಿಯಾಪದ ದಾರಿಗೆ ಬರುತ್ತವೆ. (‘ಮನೆಯಲಿ’ ಎಂದು ಕವಿ ಬರೆದರೆ ಛಂದಸ್ಸು, ಮಗು ಬರೆದರೆ ತಪ್ಪು. ಇದನ್ನು ಮಾತ್ರ ಮಕ್ಕಳಿಗೆ ವಿವರಿಸಲು ನನಗೂ ಬಂದಿಲ್ಲ.) ತೊಡಕೆಂದರೆ, ಇದಕ್ಕೆ ಮೇಷ್ಟ್ರಿಗೇ ಪದದ ಒಳಗಂಟು ಗೊತ್ತಿರಬೇಕು. ಕೋಷ್ಟಕ ಒಪ್ಪಿಸಿಕೊಳ್ಳಲು ಅಷ್ಟು ಬೇಕಿಲ್ಲ. ‘ಆವು’ ಎಂದು ಬರೆಯುವ ಮಗುವಿಗೂ ಇದರಿಂದ ಉಪಯೋಗವಿಲ್ಲ. ಅದಕ್ಕೆ ಬೇಕಿರುವುದು ಮನೆಯ ಮಾತು ಒಂದು, ಪುಸ್ತಕದ ಮಾತು ಒಂದು, ಎರಡಕ್ಕೂ ಅದರದರ ಜಾಗವಿದೆ ಎಂಬ ಭರವಸೆ.

ತೀರದ ತಕರಾರುಗಳು

ಒತ್ತಕ್ಷರವನ್ನು ಯಾವಾಗ ತರಬೇಕು? ಅಮ್ಮ ಅಪ್ಪರನ್ನು ಇಡೀ ಚಿತ್ರದಂತೆ ಮೊದಲ ತಿಂಗಳೇ ಕೊಡಬಹುದು ಎನ್ನುವವರಿದ್ದಾರೆ, ಗುಣಿತ ಗಟ್ಟಿಯಾಗದೆ ಮುಟ್ಟಬಾರದು ಎನ್ನುವವರೂ ಇದ್ದಾರೆ.

ಉಕ್ತಲೇಖನ ಕಲಿಸುತ್ತದೆಯೇ, ಬರೀ ಅಳೆಯುತ್ತದೆಯೇ? ಹೇಳುವವರ ಉಚ್ಚಾರವೇ ಊರಿಂದೂರಿಗೆ ಬದಲಾಗುವಾಗ ಅಳೆಯುವುದಾದರೂ ಯಾರನ್ನು?

ಅಳತೆಯ ಮಾತು ಬಂದಾಗ ಇನ್ನೊಂದು. 2005ರಿಂದ ಹಳ್ಳಿಹಳ್ಳಿಗೆ ಹೋಗುವ ಅಸರ್ ಸಮೀಕ್ಷೆ ಮಕ್ಕಳ ಮುಂದೆ ಅಕ್ಷರ, ಪದ, ಕತೆ ಹಿಡಿದು ಓದಿಸುತ್ತದೆ, ಲೆಕ್ಕ ಮಾಡಿಸುತ್ತದೆ. 2021ರಲ್ಲಿ ಆರಂಭವಾದ ಕೇಂದ್ರ ಸರ್ಕಾರದ ನಿಪುಣ್ ಭಾರತ್ ಯೋಜನೆ ಮೂರನೇ ತರಗತಿಯ ಹೊತ್ತಿಗೆ ಓದು-ಬರಹ-ಲೆಕ್ಕದ ಬುನಾದಿ ಬೀಳಬೇಕು ಎನ್ನುತ್ತದೆ, ಅದಕ್ಕೆ 2026-27ರ ಗಡುವಿದೆ. ಓದನ್ನು ಅಳೆಯುವುದು ಸುಲಭ, ನಿಮಿಷಕ್ಕೆ ಇಷ್ಟು ಪದ ಎನ್ನಬಹುದು. ಬರಹಕ್ಕೆ ಹಾಗೆ ಹಿಡಿಯುವ ಗಜಕಡ್ಡಿ ಯಾವುದು? ಏಳು ಸುತ್ತಿನ ಆ ಮೂರು ಸಾಲು ಪಾಸೋ ಫೇಲೋ?

ಕೀಲಿಮಣೆ ಇನ್ನೊಂದು ಗಂಟು ಹಾಕಿದೆ. ಯೂನಿಕೋಡಿನಲ್ಲಿ ‘ಸೂರ್ಯ’ ಟೈಪು ಮಾಡುವಾಗ ರಕಾರವನ್ನೇ ಮೊದಲು ಒತ್ತಬೇಕು, ಅಂದರೆ ಅದು ನಾಲಗೆಯ ಕ್ರಮ. ಕೈಬರಹದಲ್ಲಿ ಅದು ಯಕಾರದ ಆಚೆ. ಫೋನಿನಲ್ಲಿ ಬಾಯಿಂದ ಹೇಳಿದರೆ ಅದೇ ಬರೆದುಕೊಳ್ಳುತ್ತದೆ, ಮಹಾಪ್ರಾಣವನ್ನೂ ಹಾಕಿಕೊಡುತ್ತದೆ. ನೆನಪಿನ ಕೆಲಸವನ್ನು ಯಂತ್ರ ವಹಿಸಿಕೊಂಡರೆ ಶಾಲೆ ಯಾವ ತಪ್ಪಿಗೆ ಎಷ್ಟು ಹೊತ್ತು ಕೊಡಬೇಕು ಎಂಬುದು ಹೊಸದಾಗಿ ಎದ್ದ ಪ್ರಶ್ನೆ.

ಇನ್ನು ‘ಆವು’. ಇದನ್ನು ಯಾವ ಪಂಥವೂ ಸರಿಯಾಗಿ ಕೈಗೆತ್ತಿಕೊಂಡಿಲ್ಲ. ತಿದ್ದದೆ ಬಿಟ್ಟರೆ ಮುಂದೆ ಆ ಹುಡುಗನನ್ನು ನೋಡಿ ನಗುವವರಿದ್ದಾರೆ. ತಿದ್ದಿದರೆ, ಕತೆ ಹೇಳಿದ ಅಜ್ಜಿಯೂ ತಪ್ಪು ಮಾತಾಡುತ್ತಾಳೆ ಎಂದು ಅವನಿಗೆ ಅನ್ನಿಸುತ್ತದೆ. ನೋಟ್‌ಬುಕ್ಕಿನ ಮುಂದಿನ ಪುಟದಲ್ಲಿ ಅವನು ‘ಹಾವು’ ಎಂದು ಇಪ್ಪತ್ತು ಸಲ ಬರೆದಿದ್ದಾನೆ. ಹಾ ಹಾ ಹಾ ಎಂದು ಮೇಲಿನಿಂದ ಕೆಳಗೆ, ನಗುವಿನ ಹಾಗೆ.